ಅತ್ತಿಗೆಯ ಹರಳು, ದೊರೆಯ ಮೀಸೆ

ಹಾಂ, ಉಪ್ಪಿನ ಹತ್ತಿರ ನಿಲ್ಲಿಸಿದ್ದೆ ಅಲ್ಲವೇ? ನಮ್ಮ ಅತ್ತಿಗೆಯನ್ನು ಲ್ಯಾಬಿನಲ್ಲಿ ಎಲ್ಲರೂ ‘ಉಪ್ಪಕ್ಕ’ ಅಂತ ಯಾಕೆ ಕರೆಯುತ್ತಾರೆ ಅಂತ ನೀವು ಕೇಳಿದಿರಿ. ನಾನು ಸೀದಾ ಉತ್ತರ ಕೊಡುವುದು ಬಿಟ್ಟು ಬೆಕ್ಕಿನ ಬಾಲ ಹಿಡಿದುಕೊಂಡು ಎಲ್ಲೋ ಹೋಗಿಬಿಟ್ಟೆ. ಬೆಕ್ಕೂ ಬರುತ್ತದೆ, ಅವಸರ ಬೇಡ. ಆ ಬೆಕ್ಕಿಲ್ಲದಿದ್ದರೆ ಅತ್ತಿಗೆ ಇವತ್ತು ಡಾಕ್ಟರ್ ಆಗುತ್ತಿರಲಿಲ್ಲ. ಮಾತ್ರೆ ಬರೆದುಕೊಡುವ ಡಾಕ್ಟರ್ ಅಲ್ಲ, ಇನ್ನೊಂದು. ಆ ‘ಇನ್ನೊಂದು’ ಏನು ಅಂತ ನಮ್ಮ ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ಮನೆಮಂದಿಗೆಲ್ಲ ಸಾಕುಸಾಕಾಗಿತ್ತು.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಅಣ್ಣನದು ನಮ್ಮ ಬೀದಿಯ ಕೊನೆಯಲ್ಲಿ ಸ್ಕೂಟರ್ ರಿಪೇರಿ ಗ್ಯಾರೇಜು. ಅತ್ತಿಗೆ ಆಗ ದೊಡ್ಡ ಸಂಶೋಧನಾ ಸಂಸ್ಥೆಗೆ ಹೊಸದಾಗಿ ಸೇರಿದ್ದರು. ಅವರ ಹಳೇ ಸ್ಕೂಟರ್ ನಮ್ಮ ಗ್ಯಾರೇಜಿನ ಮುಂದೆಯೇ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಅಷ್ಟು ಸಲ ಕೆಡುವುದಕ್ಕೆ ಕಾರಣ ಸ್ಕೂಟರ್ ಅಲ್ಲ ಅಂತ ಅಮ್ಮನಿಗೆ ಆಗಲೇ ಅನುಮಾನ ಬಂದಿತ್ತು. ಅನುಮಾನ ನಿಜವಾಯಿತು, ಮದುವೆಯೂ ಆಯಿತು.

ಅತ್ತಿಗೆಯ ವಿಭಾಗದ ಬೋರ್ಡಿನ ಮೇಲೆ ‘ಜೀವರಸಾಯನ ಮತ್ತು ಅಣು ಜೀವಭೌತ ವಿಜ್ಞಾನ’ ಅಂತ ಬರೆದಿದೆ. ಅಮ್ಮ ಅದನ್ನು ‘ಪ್ರೋಟೀನ್ ಓದು’ ಅಂತ ಚಿಕ್ಕದು ಮಾಡಿಕೊಂಡಳು. ಮೊದಲ ವರ್ಷ ಅಲ್ಲಿ ಎಲ್ಲರಿಗೂ ಪಾಠ, ಪರೀಕ್ಷೆ. ಜೊತೆಗೆ ಒಂದಾದ ಮೇಲೊಂದು ಲ್ಯಾಬಿನಲ್ಲಿ ಸ್ವಲ್ಪ ಸ್ವಲ್ಪ ದಿನ ಕೆಲಸ ಮಾಡಿ ಯಾವುದು ಹಿಡಿಸುತ್ತದೆ ಅಂತ ನೋಡಿಕೊಳ್ಳಬೇಕು. ಅತ್ತಿಗೆ ಜೀವಶಾಸ್ತ್ರ ಓದಿ ಬಂದವರು. ಇಲ್ಲಿ ನೋಡಿದರೆ ಅಲೆ, ಕಂಪನ, ಸಾಲು ಸಾಲು ಸಮೀಕರಣ. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಗೊಣಗುತ್ತಿದ್ದರು. “ಗಣಿತದ ಕಾಟ ತಪ್ಪಲಿ ಅಂತ ಜೀವಶಾಸ್ತ್ರ ತಗೊಂಡೆ. ಅದು ನನಗಿಂತ ಮುಂಚೆ ಬಂದು ಇಲ್ಲಿ ಕೂತಿದೆ!”

ಆದರೂ ಬಿಡಲಿಲ್ಲ. ಒಂದು ಲ್ಯಾಬಿನಲ್ಲಿ ಬರೀ ಕಂಪ್ಯೂಟರು, ಹಿಡಿಸಲಿಲ್ಲ. ಇನ್ನೊಂದರಲ್ಲಿ ಲೇಸರು, ಕತ್ತಲೆ ಕೋಣೆ, ಅದರಲ್ಲಿ ನಿದ್ದೆ ಬರುತ್ತಿತ್ತಂತೆ. ಮೂರನೆಯದು ಮುಂದೆ ಅತ್ತಿಗೆಗೆ ಗೈಡ್ ಆದ ಮೇಡಂ ಅವರ ಲ್ಯಾಬು. ಅಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಯಾರೋ ಬೆಳೆಸಿದ ಪ್ರೋಟೀನ್ ಹರಳು ತೋರಿಸಿದರಂತೆ. ಗಾಜನ್ನು ತಿರುಗಿಸಿದ ಹಾಗೆ ಹರಳು ನೀಲಿ, ಹಳದಿ, ನೇರಳೆ ಅಂತ ಬಣ್ಣ ಬದಲಿಸಿತಂತೆ. ಅಷ್ಟೇ, ಅತ್ತಿಗೆ ಅಲ್ಲೇ ಮರುಳಾಗಿಹೋದರು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ, “ರೀ, ನಾನು ಹರಳು ಬೆಳೆಸ್ತೀನಿ!” ಅಂದರು.

ಅಮ್ಮನ ಕಿವಿ ನೆಟ್ಟಗಾಯಿತು. “ಹರಳಾ? ಉಂಗುರಕ್ಕೆ ಇಡಿಸ್ಬಹುದಾ?”

“ಇಲ್ಲ ಅತ್ತೆ. ಕಣ್ಣಿಗೇ ಕಾಣಲ್ಲ. ಸಕ್ಕರೆ ಕಾಳಿಗಿಂತ ಸಣ್ಣದು.”

“ಕಣ್ಣಿಗೆ ಕಾಣದೇ ಇರೋದನ್ನ ಬೆಳೆಸೋಕೆ ಇಷ್ಟು ವರ್ಷ ಓದ್ಬೇಕಾ?”

ಅತ್ತಿಗೆ ಆರಿಸಿಕೊಂಡದ್ದು ಒಂದು ಬ್ಯಾಕ್ಟೀರಿಯಾದ ಪ್ರೋಟೀನು. ನಾವು ನುಂಗುವ ಔಷಧಿಯನ್ನೇ ಅದು ಕತ್ತರಿಸಿ ಎಸೆಯುತ್ತದೆ, ಅದಕ್ಕೇ ಕೆಲವರಿಗೆ ಎಷ್ಟು ಮಾತ್ರೆ ಕೊಟ್ಟರೂ ಸೋಂಕು ಇಳಿಯುವುದಿಲ್ಲ. ಅದು ಕತ್ತರಿಸುವುದು ಹೇಗೆ, ಅದರ ಬಾಯಿ ಎಲ್ಲಿದೆ, ಇದು ಯಾರಿಗೂ ಗೊತ್ತಿರಲಿಲ್ಲ. ಅಣ್ಣನಿಗೆ ಇದು ತಕ್ಷಣ ಅರ್ಥವಾಯಿತು. “ಇಂಜಿನ್ ಬಿಚ್ಚಿ ನೋಡ್ದೆ ಹೇಗೆ ರಿಪೇರಿ ಮಾಡ್ತಾರೆ? ಬಿಚ್ಚಲೇಬೇಕು.”

ಆದರೆ ಪ್ರೋಟೀನನ್ನು ಬಿಚ್ಚಲು ಸ್ಪ್ಯಾನರ್ ಸಾಲದು. ಒಂದೇ ಒಂದು ಪ್ರೋಟೀನ್ ಅಣುವಿನ ಮೇಲೆ ಎಕ್ಸ್‌ರೇ ಬಿಟ್ಟರೆ ಏನೂ ತಿಳಿಯುವುದಿಲ್ಲ. ಕೋಟಿಗಟ್ಟಲೆ ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತರೆ ಆಗ ಚಿತ್ರ ಸಿಗುತ್ತದೆ. ಹಾಗೆ ಸಾಲಾಗಿ ನಿಂತದ್ದೇ ಹರಳು. “ಮೈದಾನದಲ್ಲಿ ಒಬ್ಬ ಕೂಗಿದ್ರೆ ಕೇಳ್ಸಲ್ಲ, ಎಲ್ಲಾ ಒಟ್ಟಿಗೆ ಕೂಗಿದ್ರೆ ಬೀದಿಗೆಲ್ಲ ಕೇಳ್ಸುತ್ತಲ್ಲ, ಹಾಗೆ” ಅಂತ ಅತ್ತಿಗೆ ನನಗೆ ಹೇಳಿಕೊಟ್ಟಿದ್ದರು.

ಬೆಳೆಸುವ ವಿಧಾನ ಇನ್ನೂ ಮಜವಾಗಿದೆ. ಮೊದಲು ಪ್ರೋಟೀನನ್ನು ಕೋಲ್ಡ್ ರೂಮಿನಲ್ಲಿ ಶುದ್ಧ ಮಾಡಬೇಕು. ಅದು ಮನುಷ್ಯರು ನಡೆದಾಡುವಷ್ಟು ದೊಡ್ಡ ಫ್ರಿಜ್ಜು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಅತ್ತಿಗೆ ಬೂದು ಬಣ್ಣದ ಸ್ವೆಟರ್ ಚೀಲಕ್ಕೆ ತುರುಕಿಕೊಂಡು ಹೊರಡುತ್ತಿದ್ದರು, ದಾರಿಯವರು ಮಿಕಮಿಕ ನೋಡುತ್ತಿದ್ದರು. ಆಮೇಲೆ ಟ್ರೇ. ಟ್ರೇಯಲ್ಲಿ ಸಣ್ಣ ಸಣ್ಣ ಗುಂಡಿಗಳು, ಗುಂಡಿಯ ತಳದಲ್ಲಿ ಗಟ್ಟಿ ದ್ರಾವಣ. ಗುಂಡಿಯ ಅಂಚಿಗೆ ಗ್ರೀಸ್ ಬಳಿದು, ಒಂದು ಗಾಜಿನ ಬಿಲ್ಲೆಯ ಮೇಲೆ ಪ್ರೋಟೀನಿನ ಹನಿ ಇಟ್ಟು, ಬಿಲ್ಲೆಯನ್ನು ತಲೆಕೆಳಗು ಮಾಡಿ ಮುಚ್ಚಬೇಕು.

“ಹನಿ ಬೀಳಲ್ವಾ?” ಅಂತ ಅಮ್ಮ ಕೇಳಿದಳು.

“ಇಲ್ಲ ಅತ್ತೆ, ನೇತಾಡ್ತಾ ಇರುತ್ತೆ.”

“ಬಾವಲಿ ಹಾಗೆ!”

“ಹೂಂ, ಬಾವಲಿ ಹಾಗೇ.”

ಹನಿಯಲ್ಲಿರುವ ನೀರು ನಿಧಾನವಾಗಿ ಆವಿಯಾಗಿ ಕೆಳಗಿನ ದ್ರಾವಣಕ್ಕೆ ಸೇರುತ್ತದೆ. ಹನಿ ಕುಗ್ಗಿದ ಹಾಗೆ ಪ್ರೋಟೀನುಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಅದೃಷ್ಟ ಚೆನ್ನಾಗಿದ್ದರೆ ಸಾಲು, ಇಲ್ಲದಿದ್ದರೆ ಒಡೆದ ಹಾಲಿನ ಹಾಗೆ ಗಂಟು. ಅತ್ತಿಗೆಗೆ ಬರೀ ಗಂಟು. ಉಪ್ಪು ಬದಲಿಸಿದರು, ಹುಳಿ ಬದಲಿಸಿದರು, ಬಿಸಿ ತಂಪು ಎಲ್ಲ ಬದಲಿಸಿದರು, ಗಂಟು ಮಾತ್ರ ಬದಲಾಗಲಿಲ್ಲ. ಮನೆಗೆ ಬರುವಾಗ ತೋಳಿನ ತುಂಬ ಗ್ರೀಸು. ಅಣ್ಣ ತನ್ನ ಅಂಗಿಯನ್ನೂ ಅವರ ಅಂಗಿಯನ್ನೂ ಪಕ್ಕಪಕ್ಕ ಹಿಡಿದು, “ಮೆಕ್ಯಾನಿಕ್ ನಾನೋ ನೀನೋ? ಗ್ರೀಸ್ ನಿನ್ನದ್ರಲ್ಲೇ ಜಾಸ್ತಿ ಇದೆ!” ಅನ್ನುತ್ತಿದ್ದ.

ಈಗ ಉಪ್ಪಿಗೆ ಬಂದೆ.

ಒಂದು ಬೆಳಿಗ್ಗೆ ಟ್ರೇ ನೋಡುತ್ತಿದ್ದ ಅತ್ತಿಗೆ ಕಿಟಾರನೆ ಕಿರುಚಿಕೊಂಡರಂತೆ. ಗಾಜಿನ ಕೆಳಗೆ ಹರಳು! ಅದೂ ಎಂಥ ಹರಳು, ಚೂಪು ಅಂಚು, ನುಣುಪು ಮುಖ, ಕಡೆದಿಟ್ಟ ಹಾಗೆ. ಲ್ಯಾಬಿನ ಸೀನಿಯರ್ ಓಡಿ ಬಂದ. ಅವನಿಗೆ ಎಲ್ಲರೂ ‘ಅಜ್ಜ’ ಅನ್ನುತ್ತಾರೆ, ಯಾಕೆಂದರೆ ಪಿಎಚ್‌ಡಿ ಮಾಡುತ್ತಾ ಮಾಡುತ್ತಾ ಅವನ ತಲೆ ನರೆತುಹೋಗಿದೆ. ಅಜ್ಜ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬ ಹೊತ್ತು ನೋಡಿದ.

“ಸೂಜಿ ತಗೊಂಡು ಚುಚ್ಚಿ ನೋಡು.”

“ಚುಚ್ಚೋದಾ? ಇರೋದೇ ಒಂದು! ನಿನಗೆ ಮಗು ಹುಟ್ಟಿದ್ರೆ ಚುಚ್ಚಿ ನೋಡ್ತೀಯಾ ಅಜ್ಜ?”

“ಮಗು ಉಪ್ಪಲ್ಲಿ ಆಗಿರಲ್ಲಮ್ಮ.”

ವಿಷಯ ಏನೆಂದರೆ, ಆ ದ್ರಾವಣಗಳಲ್ಲಿ ನಾನಾ ಥರದ ಲವಣ ಇರುತ್ತವೆ. ಕೆಲವು ಸಲ ಪ್ರೋಟೀನ್ ಸುಮ್ಮನಿದ್ದು ಲವಣವೇ ಹರಳಾಗಿಬಿಡುತ್ತದೆ, ನೋಡಲು ಇನ್ನೂ ಚೆನ್ನಾಗಿರುತ್ತದೆ. ಲವಣದ ಹರಳು ಕಲ್ಲಿನಂತೆ ಗಟ್ಟಿ, ಸೂಜಿ ಮುಟ್ಟಿದರೆ ಟಿಕ್ ಅಂತ ಜಾರುತ್ತದೆ. ಪ್ರೋಟೀನ್ ಹರಳಿನೊಳಗೆ ಅರ್ಧಕ್ಕರ್ಧ ನೀರೇ ಇರುವುದರಿಂದ ಅದು ಮೆತ್ತಗೆ, ಮುಟ್ಟಿದರೆ ಪುಡಿ. ಚುಚ್ಚಿದರೆ ಗೊತ್ತಾಗುತ್ತದೆ, ಆದರೆ ಗೊತ್ತಾಗುವಷ್ಟರಲ್ಲಿ ಹರಳೇ ಇರುವುದಿಲ್ಲ! ಅತ್ತಿಗೆಗೆ ಮನಸ್ಸು ಬರಲಿಲ್ಲ. ಗೈಡ್ ಮೇಡಂ ಊರಲ್ಲಿರಲಿಲ್ಲ. ಅತ್ತಿಗೆ ಇಡೀ ಮಹಡಿಗೆ ಸಿಹಿ ಹಂಚಿದರು, ಮನೆಗೆ ಫೋನ್ ಮಾಡಿದರು, ಅಮ್ಮ ಬೀದಿಗೆಲ್ಲ ಹೇಳಿದಳು. ತರಕಾರಿಯವನು, “ಏನಮ್ಮಾ, ಸೊಸೆಗೆ ವಜ್ರ ಸಿಕ್ತಂತೆ?” ಅಂತ ಕೇಳಿದ. ಅಮ್ಮ ಇಲ್ಲ ಅನ್ನಲಿಲ್ಲ.

ಆ ಸಂಸ್ಥೆಯಲ್ಲಿ ಎಕ್ಸ್‌ರೇ ಯಂತ್ರ ನಡೆಸುವವರೊಬ್ಬರಿದ್ದಾರೆ, ಎಲ್ಲರೂ ಅವರನ್ನು ‘ಎಕ್ಸ್‌ರೇ ಮಾವ’ ಅನ್ನುತ್ತಾರೆ. ಅವರು ಹರಳನ್ನು ಯಂತ್ರದೊಳಗೆ ಕೂರಿಸಿದರು. ಪರದೆಯ ಮೇಲೆ ಚುಕ್ಕೆ ಬಂತು. ಒಂದು ಇಲ್ಲಿ, ಒಂದು ಅಲ್ಲಿ, ದೂರ ದೂರ. ಪ್ರೋಟೀನಾದರೆ ಚುಕ್ಕೆಗಳು ಒತ್ತೊತ್ತಾಗಿ ನೂರಾರು ಇರಬೇಕು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

“ಮಗಳೇ, ಇದನ್ನ ಊಟಕ್ಕೆ ಹಾಕ್ಕೋಬಹುದು.”

ಅಡುಗೆ ಉಪ್ಪೇನೂ ಅಲ್ಲ ಅದು, ಅಡುಗೆ ಉಪ್ಪಿನ ದೂರದ ದಾಯಾದಿ. ಆದರೆ ಹೆಸರು ಬಿದ್ದೇ ಹೋಯಿತು. ಅವತ್ತಿನಿಂದ ಕ್ಯಾಂಟೀನಿನಲ್ಲಿ ಅಜ್ಜ ತಟ್ಟೆ ಹಿಡಿದುಕೊಂಡು ಬಂದು, “ಉಪ್ಪಕ್ಕಾ, ಸ್ವಲ್ಪ ಸಪ್ಪೆ ಇದೆ, ಕೈ ಆಡಿಸ್ತೀಯಾ?” ಅನ್ನುತ್ತಿದ್ದ. ಅತ್ತಿಗೆ ಚಮಚ ಎತ್ತಿ ಹೊಡೆಯಲು ಹೋಗುತ್ತಿದ್ದರು. ನಗುತ್ತಿದ್ದರು ಕೂಡ, ಆದರೆ ಮನೆಗೆ ಬಂದ ಮೇಲೆ ಮಾತು ಕಡಿಮೆಯಾಗಿತ್ತು.

ಯಾಕೆಂದರೆ ಅಷ್ಟರಲ್ಲಿ ಸಮಿತಿ ಸೇರಿತ್ತು. ಪಿಎಚ್‌ಡಿ ಮಾಡುವವರ ಕೆಲಸವನ್ನು ಆಗಾಗ ಕೂತು ತೂಗುವ ಹಿರಿಯರ ಸಮಿತಿ ಅದು. ಅದರ ಮುಖ್ಯಸ್ಥರು ಮೆಲುದನಿಯ ಸರ್. ಮೆಲುದನಿಯಲ್ಲೇ ಹೇಳಿದರಂತೆ: ಮುಂದಿನ ಸಭೆಯ ಹೊತ್ತಿಗೆ ಎಕ್ಸ್‌ರೇಯಲ್ಲಿ ಚುಕ್ಕೆ ಕೊಡುವ ನಿಜವಾದ ಹರಳು ತೋರಿಸಬೇಕು, ಇಲ್ಲವಾದರೆ ಈ ವಿಷಯ ಇಲ್ಲಿಗೆ ಮುಗಿಯಿತು. ಹೊಸ ವಿಷಯ ಹಿಡಿಯುವಷ್ಟು ಫೆಲೋಶಿಪ್ ಉಳಿದಿರಲಿಲ್ಲ. ಅಂದರೆ ಪಿಎಚ್‌ಡಿ ಇಲ್ಲದೆ ಮನೆಗೆ.

ಅಣ್ಣ ಸಮಾಧಾನ ಮಾಡಲು ಹೋದ. “ಹೋದ್ರೆ ಹೋಗ್ಲಿ ಬಿಡು, ಕಾಲೇಜಲ್ಲಿ ಪಾಠ ಮಾಡ್ಬಹುದು.”

“ಪಾಠ ಮಾಡೋದು ತಪ್ಪಲ್ಲ ರೀ. ಆದರೆ ಅದರ ಬಾಯಿ ಹೇಗಿದೆ ಅಂತ ನೋಡ್ದೆ ಹೋಗೋದಾ? ಅರ್ಧ ಬಿಚ್ಚಿದ ಇಂಜಿನ್ ಬಿಟ್ಟು ನೀವು ಎದ್ದು ಬರ್ತೀರಾ?”

ಅಣ್ಣ ಎದ್ದು ಹೋಗಿ ಬೆಳಿಗ್ಗೆಗೆಂದು ಅವರ ಸ್ಕೂಟರಿಗೆ ಗಾಳಿ ತುಂಬಿಟ್ಟ.

ಸಭೆ ಹತ್ತಿರ ಬಂತು. ಶುದ್ಧ ಮಾಡಿಟ್ಟ ಪ್ರೋಟೀನ್ ಮುಗಿಯುತ್ತಾ ಬಂದಿತ್ತು. ಅಂಥದ್ದರಲ್ಲಿ ಒಂದು ದಿನ, ಹನಿಯೊಂದರ ಅಂಚಿನಲ್ಲಿ ಧೂಳಿನ ಕಣದಂಥದ್ದೇನೋ ಕಂಡಿತು. ಮೈಕ್ರೋಸ್ಕೋಪಿನಲ್ಲಿ ಇನ್ನೂ ದೊಡ್ಡದು ಮಾಡಿ ನೋಡಿದರೆ ಅಂಚಿದೆ, ಮೂಲೆಯಿದೆ. ಹರಳು! ಈ ಸಲ ಅತ್ತಿಗೆ ಕಿರುಚಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಮ್ಮೆ ಉಪ್ಪು ತಿಂದವರು ಇವರು. ಗಾಜಿನ ಬಿಲ್ಲೆ ಎತ್ತಿದರು, ಸೂಜಿ ತೆಗೆದುಕೊಂಡರು, ಉಸಿರು ಬಿಗಿಹಿಡಿದು ಮೆಲ್ಲಗೆ ಚುಚ್ಚಿದರು.

ಟಿಕ್ ಅನ್ನಲಿಲ್ಲ. ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಹೋಯಿತು.

“ಪ್ರೋಟೀನ್!” ಅಂತ ಅತ್ತಿಗೆ ಕುಣಿದರು. ಕುಣಿದು ನಿಂತ ಮೇಲೆ ತಲೆಗೆ ಹೊಳೆಯಿತು, ಇದ್ದದ್ದು ಅದೊಂದೇ.

ಅಜ್ಜ ಬಂದಾಗ ಅತ್ತಿಗೆ ಸ್ಟೂಲಿನ ಮೇಲೆ ಕೂತು ನಗುತ್ತಲೂ ಇದ್ದರಂತೆ, ಅಳುತ್ತಲೂ ಇದ್ದರಂತೆ. ಬಿಲ್ಲೆಯನ್ನು ಮಾತ್ರ ವಾಪಸ್ ಗ್ರೀಸಿನ ಮೇಲೆ ಕೂರಿಸಿ ಭದ್ರ ಮಾಡಿದ್ದರು. ಎಲ್ಲ ಕೇಳಿದ ಮೇಲೆ ಅಜ್ಜ ಹಣೆ ಚಚ್ಚಿಕೊಂಡ. “ಚುಚ್ಚು ಅಂದಾಗ ಚುಚ್ಚಲಿಲ್ಲ. ಚುಚ್ಚಬೇಡ ಅನ್ನೋಕೆ ನಾನು ಟೀ ಕುಡಿಯೋಕೆ ಹೋಗಿದ್ದೆ. ಉಪ್ಪಕ್ಕಾ, ನಿನ್ನ ಗ್ರಹಚಾರಕ್ಕೆ ನನ್ನ ಟೀ ಕಾರಣ ಆಯ್ತಲ್ಲೇ!”

ಗೈಡ್ ಮೇಡಂ ಬಂದರು. ಮೈಕ್ರೋಸ್ಕೋಪಿನ ಮುಂದೆ ಕೂತು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ನಕ್ಕರು.

“ಬೀಜ.”

“ಏನು ಮೇಡಂ?”

“ಒಂದು ಹರಳು ಹೋಯ್ತು ಅಂತ ಅಳ್ತಿದೀಯಲ್ಲ, ಎಷ್ಟು ಚೂರಾಗಿದೆ ನೋಡು. ಒಂದೊಂದು ಚೂರೂ ಒಂದು ಬೀಜ. ತಾನಾಗೇ ಮೊಳಕೆ ಒಡೆಯೋಕೆ ನಿನ್ನ ಪ್ರೋಟೀನಿಗೆ ಸೋಮಾರಿತನ. ಬೀಜ ಹಾಕಿದ್ರೆ ಅದರ ಮೇಲೆ ಕೂತು ಬೆಳೆಯುತ್ತೆ. ಮನೇಲಿ ಬೆಕ್ಕಿದೆಯಾ?”

“ಬೆಕ್ಕಾ?”

“ಉದುರಿದ ಮೀಸೆ ಕೂದಲು ಒಂದು ಬೇಕು. ಗಟ್ಟಿಯಾಗಿರುತ್ತೆ, ತುದಿ ಚೂಪಾಗಿರುತ್ತೆ, ಮೈಮೇಲೆ ಸಣ್ಣ ಸಣ್ಣ ಪದರ ಇರುತ್ತೆ, ಚೂರು ಅಂಟಿಕೊಳ್ಳುತ್ತೆ. ನಮ್ಮ ಕಾಲದಿಂದ ಇದೇ ನಮ್ಮ ಬಿತ್ತನೆ ಕೋಲು. ಕುದುರೆ ಬಾಲದ ಕೂದಲೂ ಆಗುತ್ತೆ.”

“ಕುದುರೆ ತರಿಸೋಣ್ವಾ ಮೇಡಂ?” ಅಂದ ಅಜ್ಜ.

“ನೀನು ಹೋಗಿ ಥೀಸಿಸ್ ಬರಿ.”

ನಮ್ಮನೆ ಬೆಕ್ಕಿನ ಹೆಸರು ದೊರೆ. ಹೆಸರಿಗೆ ತಕ್ಕ ಗತ್ತು. ಅಮ್ಮನ ಮಡಿಲು ಬಿಟ್ಟರೆ ಬೇರೆಲ್ಲೂ ಕೂರುವುದಿಲ್ಲ, ಅತ್ತಿಗೆಯನ್ನು ಕಂಡರಂತೂ ಮೂಗು ಸಿಂಡರಿಸಿ ಎದ್ದು ಹೋಗುತ್ತದೆ. ಅವರ ಕೈಗೆ ಮೆತ್ತಿಕೊಂಡ ಲ್ಯಾಬಿನ ವಾಸನೆ ಅದಕ್ಕೆ ಆಗುವುದಿಲ್ಲ. ಅವತ್ತು ಅತ್ತಿಗೆ ಮಧ್ಯಾಹ್ನವೇ ಮನೆಗೆ ಓಡಿ ಬಂದು, ಏದುಸಿರು ಬಿಡುತ್ತಾ, “ಅತ್ತೆ, ದೊರೆ ಮೀಸೆ ಬೇಕು!” ಅಂದಾಗ ಅಮ್ಮ ಬೆಕ್ಕನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡಳು.

“ನಿನ್ನ ಓದು ನಿನಗೆ. ನನ್ನ ದೊರೆ ಮೈ ಮುಟ್ಟಿದ್ರೆ ಸರಿ ಇರಲ್ಲ ನೋಡು!”

“ಅಯ್ಯೋ ಕೀಳಲ್ಲ ಅತ್ತೆ! ಮೀಸೆ ಕಿತ್ರೆ ಅದಕ್ಕೆ ನೋವಾಗುತ್ತೆ, ಕಿತ್ತಿದ್ದನ್ನ ನಮ್ಮ ಮೇಡಂ ಮುಟ್ಟೋದೂ ಇಲ್ಲ. ತಾನಾಗೇ ಉದುರಿರುತ್ತಲ್ಲ, ಅಂಥದ್ದು ಒಂದು ಸಾಕು. ಅದಿಲ್ದಿದ್ರೆ ನನ್ನ ಕಥೆ ಮುಗೀತು.”

ಅಮ್ಮ ಒಂದು ಕ್ಷಣ ಅವರ ಮುಖ ನೋಡಿದಳು. ಬೆಕ್ಕನ್ನು ಕೆಳಗಿಳಿಸಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎಲ್ಲಾ ಏಳಿ. ಮಂಚ ಸರಿಸಿ.”

ಅವತ್ತಿನ ಗಲಾಟೆ ನೀವು ನೋಡಬೇಕಿತ್ತು! ಗ್ಯಾರೇಜು ಬಾಗಿಲು ಹಾಕಿ ಅಣ್ಣ ಟಾರ್ಚ್ ಹಿಡಿದುಕೊಂಡು ಬಂದ. ಕಪಾಟಿನ ಹಿಂದೆ, ಹೊಲಿಗೆ ಯಂತ್ರದ ಕೆಳಗೆ, ಸೋಫಾದ ಸಂದಿಯಲ್ಲಿ, ಎಲ್ಲ ಕಡೆ ನಾವು ಮೂಗು ನೆಲಕ್ಕೆ ಉಜ್ಜಿಕೊಂಡು ಹುಡುಕಿದೆವು. “ಸಿಕ್ತು!” ಅಂತ ಅಣ್ಣ ಕೂಗಿದ. ನೋಡಿದರೆ ಪೊರಕೆ ಕಡ್ಡಿ. ನನಗೆ ಸಿಕ್ಕಿದ್ದು ಬ್ರಷ್ಷಿನ ಎಳೆ. ಕಳೆದುಹೋಗಿದ್ದ ಬಾಚಣಿಗೆ ಸಿಕ್ಕಿತು, ಅಣ್ಣನ ಹಳೇ ಸ್ಪ್ಯಾನರ್ ಸಿಕ್ಕಿತು, ಮೀಸೆ ಮಾತ್ರ ಇಲ್ಲ. ದೊರೆ ಕಿಟಕಿಯ ಮೇಲೆ ಕೂತು, ಇವರಿಗೆಲ್ಲ ಏನಾಗಿದೆ ಅನ್ನುವ ಹಾಗೆ ನೋಡುತ್ತಿತ್ತು. ಅದರ ಮುಖದ ಮೇಲೆ ಅಷ್ಟೊಂದು ಮೀಸೆ ಇತ್ತು! ಅತ್ತಿಗೆ ಒಮ್ಮೆ ಆ ಕಡೆ ನೋಡಿ ತಕ್ಷಣ ಮುಖ ತಿರುಗಿಸಿಕೊಂಡರು.

ಕೊನೆಗೆ ಅಮ್ಮನೇ ಕರೆದಳು. ಬಾಗಿಲ ಹಿಂದಿನ ಕುರ್ಚಿಯ ಮೇಲೆ ಅತ್ತಿಗೆಯ ಕೋಲ್ಡ್ ರೂಮಿನ ಸ್ವೆಟರ್ ಬಿದ್ದಿತ್ತು. ಅದರ ನಡುವೆ ಬೆಕ್ಕು ಸುರುಳಿ ಸುತ್ತಿ ಮಲಗಿದ್ದ ಗುಂಡಗಿನ ಗುರುತು. ಉಣ್ಣೆಯ ಎಳೆಗಳ ನಡುವೆ ಉದ್ದಕ್ಕೆ, ಬೆಳ್ಳಗೆ, ಬಿಲ್ಲಿನ ಹಾಗೆ ಬಾಗಿದ ಒಂದು ಕೂದಲು.

“ದೊರೆಗೆ ನಿನ್ನ ಕಂಡ್ರೆ ಆಗಲ್ಲ ಅಂತಿದ್ಯಲ್ಲ?” ಅಂದಳು ಅಮ್ಮ. “ಕಳ್ಳ, ನೀನು ಇಲ್ದಾಗ ನಿನ್ನ ಸ್ವೆಟರ್ ಮೇಲೇ ಮಲಗ್ತಾನೆ.”

ಅತ್ತಿಗೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಕಾಗದದೊಳಗೆ ಸುತ್ತಿ, ಸ್ಕೂಟರ್ ಹತ್ತಿ ಹಾರಿಹೋದರು. ದೊರೆಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಬಿತ್ತನೆ ಹೀಗೆ ನಡೆಯಿತು. ಉಳಿದಿದ್ದ ಪ್ರೋಟೀನು ಒಂದೇ ಟ್ರೇಗೆ ಸಾಲುವಷ್ಟು. ಹೊಸ ಹನಿಗಳನ್ನು ಸಿದ್ಧ ಮಾಡಿದರು. ಮೀಸೆಯನ್ನು ತೊಳೆದು, ಒಣಗಿಸಿ, ಒಂದು ಕಡ್ಡಿಗೆ ಅಂಟಿಸಿದರು. ಅದರ ತುದಿಯನ್ನು ಪುಡಿಯಾದ ಹರಳಿಗೆ ತಾಗಿಸಿ, ಹೊಸ ಹನಿಯ ಮಧ್ಯೆ ಒಂದು ಗೆರೆ ಎಳೆದರು. ಮತ್ತೆ ಮುಂದಿನ ಹನಿ, ಮತ್ತೊಂದು ಗೆರೆ. ಸಣ್ಣ ಸದ್ದಾದರೂ ಗೆರೆ ತಪ್ಪೀತೆಂದು ಅಜ್ಜ ಬಾಗಿಲಲ್ಲಿ ನಿಂತು ಕಾವಲು ಕಾದ, ಬಂದವರನ್ನೆಲ್ಲ ಬಾಯಿ ಮೇಲೆ ಬೆರಳಿಟ್ಟು ಓಡಿಸಿದ. ಮುಗಿದ ಮೇಲೆ ಟ್ರೇಯನ್ನು ಅಲುಗಾಡದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಇನ್ನು ಕಾಯುವುದು. ಪದೇ ಪದೇ ತೆಗೆದು ನೋಡಬಾರದು ಅಂತ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಮನೆಯಲ್ಲಿ ಅತ್ತಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು, ನಿಜವಾದ ಬೆಕ್ಕು ಹಾಯಾಗಿ ಮಲಗಿತ್ತು.

ಸಭೆಗೆ ಮುಂಚಿನ ವಾರ ಫೋನ್ ಬಂತು. ಅಮ್ಮ ಎತ್ತಿದಳು. ಆ ಕಡೆಯಿಂದ ಬಂದ ಕೂಗು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. “ಅತ್ತೆ, ಎಲ್ಲರೂ ಬನ್ನಿ! ಈಗಲೇ ಬನ್ನಿ!”

ಅಣ್ಣ ರಿಪೇರಿಗೆ ಬಂದಿದ್ದ ಯಾರದೋ ಸ್ಕೂಟರನ್ನು ‘ಟ್ರಯಲ್ ನೋಡೋಕೆ’ ತೆಗೆದು ಅಮ್ಮನನ್ನು ಕೂರಿಸಿಕೊಂಡು ಹೊರಟ. ನಾನು ಬಸ್ಸಿನಲ್ಲಿ ಹೋದೆ. ಅಮ್ಮ ಮೈಕ್ರೋಸ್ಕೋಪಿನ ಮುಂದೆ ಕೂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಏನೂ ಕಾಣದೆ ಬೈದುಕೊಂಡು, ಕೊನೆಗೆ ಎರಡೂ ಕಣ್ಣು ತೆರೆದಳು. ಆಮೇಲೆ ಅವಳ ಬಾಯಿ ತಾನಾಗೇ ತೆರೆಯಿತು.

“ಏನೇ ಇದು! ದಾರದಲ್ಲಿ ಮಣಿ ಪೋಣಿಸಿದ ಹಾಗೆ ಇದೆ!”

ನಾನೂ ನೋಡಿದೆ. ಮೀಸೆ ಗೆರೆ ಎಳೆದ ಜಾಗದುದ್ದಕ್ಕೂ ಹರಳುಗಳು, ಒಂದರ ಪಕ್ಕ ಒಂದು. ಗೆರೆಯ ಹೊರಗೆ ಒಂದೂ ಇಲ್ಲ. ಎಲ್ಲಿ ಬಿತ್ತಿದರೋ ಅಲ್ಲೇ ಬೆಳೆದಿತ್ತು! ಅಜ್ಜ ಸೂಜಿ ತಂದು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಗೆ ಕೊಟ್ಟ. “ಈಗ ಚುಚ್ಚು ತಾಯಿ, ಬೇಕಾದಷ್ಟಿದೆ.” ಅತ್ತಿಗೆ ಒಂದನ್ನು ಚುಚ್ಚಿದರು, ಪುಡಿಯಾಯಿತು. ಒಡೆದದ್ದಕ್ಕೆ ಅಷ್ಟು ಜನ ಚಪ್ಪಾಳೆ ಹೊಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್ನೊಂದಕ್ಕೆ ನೀಲಿ ಬಣ್ಣ ಹಾಕಿದರು. ಪ್ರೋಟೀನ್ ಹರಳಿನ ಒಳಗೆಲ್ಲ ನೀರಿನ ದಾರಿ ಇರುವುದರಿಂದ ಅದು ಬಣ್ಣ ಹೀರುತ್ತದೆ, ಲವಣ ಹೀರುವುದಿಲ್ಲ. ನೋಡುತ್ತಿದ್ದ ಹಾಗೇ ನೀಲಿಯಾಯಿತು.

ಆದರೂ ಅತ್ತಿಗೆಗೆ ಧೈರ್ಯವಿಲ್ಲ. ಸಮಿತಿ ಕೇಳಿದ್ದು ಎಕ್ಸ್‌ರೇ ಚುಕ್ಕೆ. ಹರಳು ಎಷ್ಟೋ ಸಲ ನೋಡಲು ಚೆಂದ ಇದ್ದು ಒಳಗೆ ಸಾಲು ಕೆಟ್ಟಿರುತ್ತದಂತೆ, ಆಗ ಚುಕ್ಕೆಯೇ ಬರುವುದಿಲ್ಲ. ಒಂದು ಹರಳನ್ನು ಕೂದಲೆಳೆಯಂಥ ಕುಣಿಕೆಯಲ್ಲಿ ಎತ್ತಿ, ಕೊರೆಯುವ ಗಾಳಿಯಲ್ಲಿ ಹೆಪ್ಪುಗಟ್ಟಿಸಿ, ಎಕ್ಸ್‌ರೇ ಮಾವ ಯಂತ್ರದೊಳಗೆ ಕೂರಿಸಿದರು. ನಾವೆಲ್ಲ ಹೊರಗೆ ಪರದೆಯ ಮುಂದೆ ನಿಂತೆವು. ಅತ್ತಿಗೆ ಅಮ್ಮನ ಕೈ ಹಿಡಿದುಕೊಂಡಿದ್ದರು, ಎಷ್ಟು ಬಿಗಿಯಾಗಿ ಅಂದರೆ ಅಮ್ಮನ ಬಳೆ ಕೈಗೆ ಒತ್ತಿ ಗುರುತು ಬಿದ್ದಿತ್ತು. ಅಮ್ಮ ಬಿಡಿಸಿಕೊಳ್ಳಲಿಲ್ಲ.

ಪರದೆ ಬೂದಿ ಬಣ್ಣದಲ್ಲಿತ್ತು. ಒಂದು ಚುಕ್ಕೆ ಬಂತು. ಆಮೇಲೆ ಅದರ ಪಕ್ಕದಲ್ಲಿ, ಅದರ ಪಕ್ಕದಲ್ಲಿ, ಇಡೀ ಪರದೆಯ ತುಂಬ! ಸಾಸಿವೆ ಡಬ್ಬಿ ಮಗುಚಿ ಬಿದ್ದ ಹಾಗೆ ಇತ್ತು, ಆದರೆ ಸಾಸಿವೆಯೆಲ್ಲ ಸಾಲಾಗಿ ಬಿದ್ದಿತ್ತು. ಮಾವ ಅಂಚಿನವರೆಗೂ ಬೆರಳು ಆಡಿಸಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

“ಮಗಳೇ,” ಅಂದರು ಮಾವ, “ಇದನ್ನ ಊಟಕ್ಕೆ ಹಾಕ್ಕೊಳಕ್ಕಾಗಲ್ಲ.”

ಆಮೇಲೆ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ಅತ್ತಿಗೆ ಅಮ್ಮನನ್ನು ತಬ್ಬಿಕೊಂಡರು, ಅಣ್ಣ ಅಜ್ಜನನ್ನು ತಬ್ಬಿಕೊಂಡ, ಅವರಿಬ್ಬರೂ ಅವತ್ತೇ ಮೊದಲು ಭೇಟಿಯಾದದ್ದು. ಮೇಡಂ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಸಭೆಯಲ್ಲಿ ಅತ್ತಿಗೆ ಮೊದಲು ತೋರಿಸಿದ್ದು ಯಾವ ಚಿತ್ರ ಗೊತ್ತೇ? ಆ ಹಳೆಯ ಉಪ್ಪಿನ ಹರಳು. “ಇದು ನನ್ನ ಮೊದಲ ಹರಳು. ಇದು ಉಪ್ಪು” ಅಂತ ಅವರೇ ಹೇಳಿದರಂತೆ. ಎಲ್ಲರೂ ನಕ್ಕರು. ಆಮೇಲೆ ಮಣಿಸಾಲಿನ ಚಿತ್ರ, ಚುಕ್ಕೆಗಳ ಚಿತ್ರ. ಮೆಲುದನಿಯ ಸರ್ ಮುಂದಕ್ಕೆ ಬಾಗಿ ಕೇಳಿದರು. “ಚುಕ್ಕೆ ನೋಡೋಕೆ ಮುಂಚೆ, ಇದು ಉಪ್ಪಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತಮ್ಮ?”

“ಒಡೆದಾಗ ಸರ್. ಇದ್ದಿದ್ದೇ ಒಂದು, ಅದನ್ನ ಒಡೆದುಬಿಟ್ಟೆ. ಉಳಿದವೆಲ್ಲ ಅದರ ಚೂರಿಂದ ಬಂದವು.”

ಸರ್ ಮೆಲುದನಿಯಲ್ಲೇ “ಹಾಗಾದ್ರೆ ಮುಂದುವರಿಸು” ಅಂದರಂತೆ. ಅಷ್ಟೇ. ಅತ್ತಿಗೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದರು.

ಮುಂದಿನದು ಓಟವೇ ಓಟ. ಹರಳುಗಳನ್ನು ದೂರದ ದೊಡ್ಡ ಎಕ್ಸ್‌ರೇ ಕೇಂದ್ರಕ್ಕೆ ಹೊತ್ತುಕೊಂಡು ಹೋದರು. ಮೊದಲ ವರ್ಷ ಬೈದುಕೊಂಡು ಕಲಿತ ಆ ಅಲೆಗಳ ಗಣಿತವೇ ಈಗ ಚುಕ್ಕೆಗಳನ್ನು ಆಕಾರ ಮಾಡಿಕೊಟ್ಟಿತು. ಪ್ರೋಟೀನಿನ ಬಾಯಿ ಸಿಕ್ಕಿತು, ಬಾಯಿಯ ಮೇಲೆ ಒಂದು ಮುಚ್ಚಳವೂ ಸಿಕ್ಕಿತು. ಔಷಧಿ ಒಳಗೆ ಬಂದ ತಕ್ಷಣ ಮುಚ್ಚಳ ಬೀಳುತ್ತದೆ, ಕತ್ತರಿ ಆಡುತ್ತದೆ. ಕಂಪ್ಯೂಟರಿನಲ್ಲಿ ಅದು ತಿರುಗುವುದನ್ನು ನೋಡಿ ಅಣ್ಣ, “ಇದಕ್ಕೆ ಅಡ್ಡ ಏನಾದ್ರೂ ಸಿಕ್ಕಿಸಿದ್ರೆ ಮುಚ್ಚಳ ಬೀಳಲ್ಲ ಅಲ್ವೇನೇ?” ಅಂದ. “ಅದನ್ನೇ ಮಾಡಕ್ಕೆ ಹೊರಟಿರೋದು ರೀ” ಅಂತ ಅತ್ತಿಗೆ ನಕ್ಕರು. ಸಂಶೋಧನಾ ಲೇಖನ ಅಚ್ಚಾಯಿತು, ಹೊರದೇಶದ ಸಮ್ಮೇಳನದಲ್ಲಿ ಮಾತಾಡಿ ಬಂದರು, ಥೀಸಿಸ್‌ಗೆ ಆ ವರ್ಷದ ಒಳ್ಳೆಯ ಥೀಸಿಸ್ ಅಂತ ಪದಕ ಬಂತು. ಅದರ ಕೃತಜ್ಞತೆಯ ಪುಟದಲ್ಲಿ ಮೇಡಂ, ಅಜ್ಜ, ಎಕ್ಸ್‌ರೇ ಮಾವ ಆದ ಮೇಲೆ ದೊರೆಯ ಹೆಸರಿದೆ. ಅಮ್ಮ ಅದನ್ನು ನನ್ನಿಂದ ಓದಿಸಿ ಕೇಳಿ ಮುಖ ಊದಿಸಿಕೊಂಡಳು.

“ಬೆಕ್ಕಿನ ಹೆಸರಿದೆ. ಬೆಕ್ಕಿಗೆ ಅನ್ನ ಹಾಕ್ದೋಳ ಹೆಸರೆಲ್ಲಿ?”

“ಮುಂದಿನ ಸಾಲು ಓದಿಸ್ಕೊಳ್ಳಿ ಅತ್ತೆ.”

ಮುಂದಿನ ಸಾಲಿನಲ್ಲಿ ಇತ್ತು: ‘ಮಂಚ ಸರಿಸಿದ ನನ್ನ ಅತ್ತೆಗೆ.’ ಅಮ್ಮ ಎದ್ದು ಹೋಗಿ ಟೀ ಇಟ್ಟಳು.

ಅತ್ತಿಗೆ ಈಗಲೂ ಅದೇ ಲ್ಯಾಬಿನಲ್ಲಿದ್ದಾರೆ, ಆ ಮುಚ್ಚಳಕ್ಕೆ ಅಡ್ಡ ಸಿಕ್ಕಿಸುವ ಅಣು ಹುಡುಕುತ್ತಿದ್ದಾರೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಕೈಗೆ ಸೂಜಿ ಕೊಟ್ಟು, “ಒಡೀರಿ, ಹೆದರ್ಬೇಡಿ” ಅನ್ನುತ್ತಾರೆ. ಅಜ್ಜನೂ ಕೊನೆಗೆ ಥೀಸಿಸ್ ಬರೆದು ಮುಗಿಸಿದ, ಅದು ಇನ್ನೂ ದೊಡ್ಡ ಪವಾಡ.

ನಾನು ಎಷ್ಟು ಹೇಳಿದರೂ ಆ ಮಣಿಸಾಲು ಬಾಯಿಮಾತಿಗೆ ಸಿಗುವುದಿಲ್ಲ. ನೀವೇ ಹೋಗಿ. ತಿಂಗಳ ಕೊನೆಯ ಶನಿವಾರ ಸಂಸ್ಥೆಯ ಗೇಟು ಎಲ್ಲರಿಗೂ ತೆರೆದಿರುತ್ತದೆ. ಎರಡನೇ ಮಹಡಿ, ಕೋಲ್ಡ್ ರೂಮಿನ ದಪ್ಪ ಬಾಗಿಲು ದಾಟಿದ ಮೇಲೆ ಎಡಗಡೆ. ಬೂದು ಸ್ವೆಟರ್ ಹೆಗಲ ಮೇಲೆ ಹಾಕಿಕೊಂಡು, ತೋಳಿಗೆ ಗ್ರೀಸ್ ಮೆತ್ತಿಕೊಂಡು ಯಾರಾದರೂ ಕೂತಿದ್ದರೆ ಅವರೇ. “ಉಪ್ಪಕ್ಕಾ” ಅಂತ ಧೈರ್ಯವಾಗಿ ಕರೆಯಿರಿ, ಬೇಜಾರು ಮಾಡಿಕೊಳ್ಳುವುದಿಲ್ಲ, ಸ್ಟೂಲು ಎಳೆದು ಕೂರಿಸಿ ತೋರಿಸುತ್ತಾರೆ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಹೋಗುವ ಮುಂಚೆ ಗುಡಿಸುವಾಗ ಸ್ವಲ್ಪ ಕಣ್ಣಿಟ್ಟು ನೋಡಿ, ಬೆಳ್ಳಗೆ ಬಾಗಿದ್ದು ಸಿಕ್ಕರೆ ಕಾಗದದಲ್ಲಿ ಸುತ್ತಿಕೊಂಡು ಹೋಗಿ ಕೊಡಿ. ದೊರೆಗೆ ವಯಸ್ಸಾಯಿತು, ಈಚೆಗೆ ಮೀಸೆ ಉದುರುವುದು ಕಡಿಮೆ. ಕಿತ್ತು ಮಾತ್ರ ತರಬೇಡಿ, ಅಮ್ಮನೂ ಒಮ್ಮೊಮ್ಮೆ ಅಲ್ಲಿರುತ್ತಾಳೆ.